ಮೂರು ಹೂಫೆ ಜಮೀನು, ಒಂದು ಹಸು, ಎರಡು ಕುದುರೆ

1516ರ ಡಿಸೆಂಬರ್ 10. ಬಾಲ್ಟಿಕ್ ಸಮುದ್ರದ ದಕ್ಷಿಣಕ್ಕೆ ಎರ್ಮ್‌ಲಾಂಡ್ ಅಂತ ಒಂದು ಸಣ್ಣ ನಾಡು. ಅಲ್ಲಿನ ಯೊಂಕೆಂಡಾರ್ಫ್ ಹಳ್ಳಿಯಲ್ಲಿ ಮೂರು ಹೂಫೆ ಜಮೀನು ಪಾಳು ಬಿದ್ದಿದೆ. ಹೂಫೆ ಅಂದರೆ ಆ ಕಡೆಯ ಅಳತೆ, ಸುಮಾರು ನಲವತ್ತು ಎಕರೆ. ಆ ಹೊಲ ಉಳುತ್ತಿದ್ದ ಯೋಆಖಿಮ್ ಎಂಬ ರೈತನನ್ನು ಕಳ್ಳತನ ಮಾಡಿದನೆಂದು ಗಲ್ಲಿಗೆ ಹಾಕಿದ್ದಾರೆ. ಈಗ ಮೆರ್ಟೆನ್ ಕಾಸೆಲರ್ ಎಂಬಾತ ಬಂದು ನಾನು ಉಳುತ್ತೇನೆ ಅಂದಿದ್ದಾನೆ. ಅವನಿಗೆ ಒಂದು ಹಸು, ಒಂದು ಕಡಸು, ಒಂದು ಕೊಡಲಿ, ಒಂದು ಕುಡುಗೋಲು, ಸ್ವಲ್ಪ ಓಟ್ಸ್, ಬಾರ್ಲಿ ಸಿಕ್ಕಿದೆ. ಇನ್ನೂ ಎರಡು ಕುದುರೆ ಕೊಡುತ್ತೇನೆ ಅಂತ ಅಲ್ಲಿನ ಅಧಿಕಾರಿ ಮಾತು ಕೊಟ್ಟಿದ್ದಾನೆ. ಕೊಟ್ಟ ಮಾತನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಆ ಅಧಿಕಾರಿಯ ಹೆಸರು ನಿಕೊಲಾಸ್ ಕೋಪರ್ನಿಕಸ್.

ಶಾಲೆಯಲ್ಲಿ ನನಗೆ ಗೊತ್ತಿದ್ದ ಕೋಪರ್ನಿಕಸ್ ಒಂದು ಅಂಕದ ಪ್ರಶ್ನೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ಹೇಳಿದವನು ಯಾರು? ಉತ್ತರ ಬರೆದೆ, ಅಂಕ ಬಂತು, ಮರೆತೆ. ಆಮೇಲೆ ಎಷ್ಟೋ ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕದ ಪುಸ್ತಕ ಬರೆದುಕೊಂಡಿದ್ದೆ. ಸಾಲ ತಗೊಂಡವರು ಯಾರು, ಜಾಮೀನು ಯಾರು, ಕಂತು ಎಷ್ಟು, ಎಮ್ಮೆ ಸತ್ತಿತೇ ಬದುಕಿದೆಯೇ. ಹಾಗಾಗಿ ಈ ಮೆರ್ಟೆನ್ ಕಾಸೆಲರ್‌ನ ನಮೂದನ್ನು ಮೊದಲ ಸಲ ಓದಿದಾಗ ನನಗೆ ಆಕಾಶ ನೆನಪಿಗೆ ಬರಲೇ ಇಲ್ಲ. ನಮ್ಮ ಸಂಘದ ದೊಡ್ಡ ರಿಜಿಸ್ಟರ್ ಕಣ್ಣ ಮುಂದೆ ಬಂತು. ಅವತ್ತಿನಿಂದ ಈ ಮನುಷ್ಯನ ನೌಕರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ನಕ್ಷತ್ರದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಾಗಿರುವುದು ಆ ನೌಕರಿಯ ಕಥೆ.

ಕೋಪರ್ನಿಕಸ್ ಕ್ಯಾನನ್ ಆಗಿದ್ದ. ಕ್ಯಾನನ್ ಅಂದರೆ ಬಿಷಪ್ಪರ ಪ್ರಧಾನ ಚರ್ಚಿಗೆ ಸೇರಿದ ಮಂಡಳಿಯ ಸದಸ್ಯ. ಅವನು ಪಾದ್ರಿಯೇ ಆಗಿರಬೇಕು ಅಂತೇನಿಲ್ಲ. ಮದುವೆ ಆಗುವಂತಿಲ್ಲ, ಪ್ರಾರ್ಥನೆಗಳಿಗೆ ಹಾಜರಿರಬೇಕು, ಮಂಡಳಿಯ ಕೆಲಸ ಹಂಚಿಕೊಂಡು ಮಾಡಬೇಕು. ಅದಕ್ಕೆ ಬದಲಾಗಿ ಚರ್ಚಿನ ಜಮೀನಿನ ಆದಾಯದಲ್ಲಿ ಜೀವನಪೂರ್ತಿ ಒಂದು ಪಾಲು. ನಮ್ಮ ಉಂಬಳಿ ಇದ್ದ ಹಾಗೆ. ಎರ್ಮ್‌ಲಾಂಡಿನ ಮಂಡಳಿಯಲ್ಲಿ ಇಂಥ 16 ಜನ. ಆ ನಾಡಿನ ಮೂರರಲ್ಲಿ ಎರಡು ಪಾಲು ಬಿಷಪ್ಪರದು, ಒಂದು ಪಾಲು ಈ 16 ಜನರದು. ಕಂದಾಯ, ನ್ಯಾಯ, ರೈತರ ತಕರಾರು, ಗಿರಣಿ, ಮೀನು, ಕೋಟೆ, ಎಲ್ಲ ಅವರದೇ. ಚರ್ಚಿನ ಹುದ್ದೆ ಅನ್ನುವುದಕ್ಕಿಂತ ಒಂದು ಪುಟ್ಟ ಸರ್ಕಾರ ಅಂದರೇ ಸರಿ.

ಅವನು ಹುಟ್ಟಿದ್ದು 1473ರ ಫೆಬ್ರವರಿ 19ರಂದು, ವಿಸ್ಟುಲಾ ನದಿಯ ದಡದ ತೋರ್ನ್ ಪಟ್ಟಣದಲ್ಲಿ. ಈಗ ಅದು ಪೋಲೆಂಡಿನ ಟೋರುನ್. ಹನ್ಸಾ ವ್ಯಾಪಾರಿ ಕೂಟಕ್ಕೆ ಸೇರಿದ ಶ್ರೀಮಂತ ಪೇಟೆ. ಅಪ್ಪ ತಾಮ್ರದ ವ್ಯಾಪಾರಿ, ಕ್ರಾಕೋವ್‌ನಿಂದ ಬಂದು ನೆಲೆಸಿದವನು. ಅಮ್ಮ ಬಾರ್ಬರಾ ವಾಟ್ಸೆನ್‌ರೋಡೆ ಕೂಡ ದೊಡ್ಡ ವ್ಯಾಪಾರಿಯ ಮಗಳು. ಮನೆಮಾತು ಜರ್ಮನ್, ಪ್ರಭು ಪೋಲೆಂಡಿನ ರಾಜ. ಅವನು ಯಾವ ದೇಶದವನು ಅಂತ ಜರ್ಮನ್ನರೂ ಪೋಲಿಷರೂ ಬಹಳ ಕಾಲ ಜಗಳ ಆಡಿದ್ದಾರೆ. ಅವನ ಬದುಕು ನೋಡಿದರೆ ಈ ಪ್ರಶ್ನೆ ಅಷ್ಟಾಗಿ ಅಂಟುವುದೇ ಇಲ್ಲ. ಇಟಲಿಯಲ್ಲಿ ಓದುವಾಗ ಜರ್ಮನ್ ವಿದ್ಯಾರ್ಥಿಗಳ ಕೂಟದಲ್ಲಿ ಹೆಸರು ಬರೆಸಿದ. ಯುದ್ಧ ಬಂದಾಗ ಟ್ಯೂಟನಿಕ್ ನೈಟ್‌ಗಳು ಅನ್ನಿಸಿಕೊಂಡ ಜರ್ಮನ್ ಯೋಧ-ಸನ್ಯಾಸಿಗಳ ವಿರುದ್ಧ ಪೋಲೆಂಡಿನ ರಾಜನ ಪರ ನಿಂತ. ಎರಡೂ ಅವನಿಗೆ ಸಹಜವಾಗಿಯೇ ಇತ್ತು.

ಅಪ್ಪ 1483ರಲ್ಲಿ ತೀರಿಕೊಂಡ. ನಾಲ್ಕು ಮಕ್ಕಳು, ನಿಕೊಲಾಸನೇ ಕಿರಿಯ, ಹತ್ತು ವರ್ಷ. ಆಗ ಸೋದರಮಾವ ಲುಕಾಸ್ ವಾಟ್ಸೆನ್‌ರೋಡೆ ಮುಂದೆ ಬಂದ. ಆತ ಓದಿದವನು, ಹಟದವನು, 1489ರಲ್ಲಿ ಎರ್ಮ್‌ಲಾಂಡಿನ ಬಿಷಪ್ ಆದವನು. ವ್ಯಾಪಾರಿ ಮನೆಯಲ್ಲಿ ಮಕ್ಕಳ ಭವಿಷ್ಯವನ್ನೂ ಬಂಡವಾಳದ ಹಾಗೆ ಹಂಚಿಡುತ್ತಿದ್ದರು. ಒಬ್ಬ ಅಕ್ಕ ಕಾನ್ವೆಂಟ್ ಸೇರಿದಳು. ಇನ್ನೊಬ್ಬಳನ್ನು ಕ್ರಾಕೋವ್‌ನ ವ್ಯಾಪಾರಿಗೆ ಕೊಟ್ಟರು. ಅಣ್ಣ ಆಂಡ್ರೆಯಾಸ್, ತಮ್ಮ ನಿಕೊಲಾಸ್ ಇಬ್ಬರನ್ನೂ ಮಾವ ಚರ್ಚಿಗೆ ಅಂತ ತೆಗೆದಿಟ್ಟ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗಿನ ಜರ್ಮನ್ ನಾಡುಗಳಲ್ಲಿ ಎಷ್ಟೋ ಪ್ರಧಾನ ಚರ್ಚುಗಳ ಮಂಡಳಿಗೆ ಸೇರಬೇಕಾದರೆ ಕುಲೀನ ವಂಶ ಅಂತ ಸಾಬೀತು ಮಾಡಬೇಕಿತ್ತು. ಆಗ್ಸ್‌ಬರ್ಗ್‌ನಲ್ಲಂತೂ ಅದೇ ಊರಿನ ನಾಗರಿಕರ ಮಕ್ಕಳಿಗೇ ಬಾಗಿಲು ಹಾಕಿದ್ದರು. ಚರ್ಚಿಗೆ ದೀಪ ಹಚ್ಚಲು ದುಡ್ಡು ಕೊಡುವ ವ್ಯಾಪಾರಿ ಬೇಕು, ಅವನ ಮಗ ಮಾತ್ರ ಪಕ್ಕದಲ್ಲಿ ಕೂರಬಾರದು. ಎರ್ಮ್‌ಲಾಂಡಿನಲ್ಲಿ ಹಾಗಿರಲಿಲ್ಲ. ಅಲ್ಲಿನ ಕ್ಯಾನನ್‌ಗಳಲ್ಲಿ ಹೆಚ್ಚಿನವರು ಡಾನ್ಸಿಗ್, ತೋರ್ನ್, ಎಲ್ಬಿಂಗ್ ಪೇಟೆಗಳ ವ್ಯಾಪಾರಿ ಮಕ್ಕಳು. ಕೋಪರ್ನಿಕಸ್‌ನ ಪ್ರಾಣಸ್ನೇಹಿತ ಟೀಡೆಮಾನ್ ಗೀಸೆ ಕೂಡ ಅಂಥವನೇ. ಗೀಸೆಯ ತಮ್ಮ ಗೇಯೋರ್ಗ್ ಲಂಡನ್ನಿನಲ್ಲಿ ವ್ಯಾಪಾರ ಮಾಡುತ್ತಿದ್ದ. 1532ರಲ್ಲಿ ಚಿತ್ರಕಾರ ಹೋಲ್ಬೈನ್ ಬರೆದ ಅವನ ಚಿತ್ರ ಇವತ್ತಿಗೂ ಬರ್ಲಿನ್‌ನಲ್ಲಿದೆ. ಗುಲಾಬಿ ಬಣ್ಣದ ರೇಷ್ಮೆ ತೋಳು, ಸುತ್ತ ಕಾಗದಪತ್ರ, ಮೊಹರು, ಗಾಜಿನ ಹೂದಾನಿ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಈ ಮನೆಗಳ ಒಬ್ಬ ಮಗ ಅಂಗಡಿ ಮೇಜಿಗೆ, ಇನ್ನೊಬ್ಬ ಮಗ ಚರ್ಚಿನ ಮೇಜಿಗೆ. ಎರಡೂ ಕಡೆ ಮುಂದೆ ಇದ್ದದ್ದು ಲೆಕ್ಕದ ಪುಸ್ತಕವೇ.

ಕೆಲವರು ಅದಲು ಬದಲು ಆಗಿದ್ದೂ ಉಂಟು. ಯುರೋಪಿನ ಅತಿ ದೊಡ್ಡ ಸಾಹುಕಾರ ಅನ್ನಿಸಿಕೊಂಡ ಯಾಕೋಬ್ ಫುಗರ್ ಹುಡುಗನಾಗಿದ್ದಾಗ ಹೆರೀಡೆನ್ ಚರ್ಚಿನಲ್ಲಿ ಉಂಬಳಿ ಪಡೆದ ಕ್ಯಾನನ್. ಅಣ್ಣಂದಿರು ತೀರಿಕೊಂಡ ಮೇಲೆ 1478ರ ಹೊತ್ತಿಗೆ ಅದನ್ನು ಬಿಟ್ಟು ಅಂಗಡಿಗೆ ಬಂದ. ಮುಂದೆ ಅವನೂ ತಾಮ್ರದಲ್ಲೇ ದುಡಿದ. ತಾಮ್ರದ ವ್ಯಾಪಾರಿಯ ಮಗ ಕೋಪರ್ನಿಕಸ್ ಚರ್ಚಿನಲ್ಲೇ ಉಳಿದ.

ಉಂಬಳಿ ಸಿಗುವುದು ಸುಲಭ ಇರಲಿಲ್ಲ. 1495ರ ಸೆಪ್ಟೆಂಬರಿನಲ್ಲಿ ಒಬ್ಬ ಕ್ಯಾನನ್ ಸತ್ತ, ಜಾಗ ಖಾಲಿ ಆಯಿತು. ಆದರೆ ಆಗಿನ ಕಟ್ಟಳೆ ಪ್ರಕಾರ ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್‌ನಲ್ಲಿ ಖಾಲಿಯಾದ ಜಾಗ ತುಂಬುವ ಹಕ್ಕು ಪೋಪರದು. ಉಳಿದ ತಿಂಗಳು ಸ್ಥಳೀಯರದು. ಇನ್ನು ಹತ್ತು ದಿನ ಬದುಕಿದ್ದರೆ ಅಕ್ಟೋಬರ್ ಆಗುತ್ತಿತ್ತು, ಮಾವನ ಕೈಯಲ್ಲೇ ಕೆಲಸ ಮುಗಿಯುತ್ತಿತ್ತು. ಹಾಗಾಗದೆ ಎರಡು ವರ್ಷ ಎಳೆಯಿತು. 1497ರಲ್ಲಿ ಜಾಗ ಗಟ್ಟಿ ಆದಾಗ ಅವನು ಬೊಲೋನ್ಯಾದಲ್ಲಿ ಓದುತ್ತಿದ್ದ, ಅಲ್ಲಿಂದಲೇ ಪ್ರತಿನಿಧಿಗಳ ಮೂಲಕ ಒಪ್ಪಿಕೊಂಡ. ಹೀಗೆ ಇಪ್ಪತ್ನಾಲ್ಕನೇ ವಯಸ್ಸಿಗೆ, ಇನ್ನೂ ಒಂದು ದಿನವೂ ಕೆಲಸ ಮಾಡದೆ, ಅವನಿಗೆ ಜೀವನದ ಆಧಾರ ಸಿಕ್ಕಿತು.

ಇದು ಅನ್ಯಾಯ ಅಲ್ವಾ ಅಂದರೆ, ಹೌದು, ಅನ್ಯಾಯವೇ. ಮಾವ ಬಿಷಪ್ ಆಗಿರದ ಎಷ್ಟು ಬುದ್ಧಿವಂತ ಹುಡುಗರು ಊರಲ್ಲೇ ಉಳಿದಿರಬೇಕು! ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಿಕ್ಕಿದ್ದನ್ನು ತಿಂದು ಸುಮ್ನೆ ಕೂತವನು ಅವನಲ್ಲ. ನನಗೆ ಅವನು ಇಷ್ಟ ಆಗುವುದು ಇದಕ್ಕೇ.

ಇಟಲಿಯ ದಿನಗಳಲ್ಲಿ ಒಂದು ಪ್ರಸಂಗ ನನಗೆ ಬಹಳ ಹತ್ತಿರ ಅನ್ನಿಸುತ್ತದೆ. 1499ರಲ್ಲಿ ಅಣ್ಣತಮ್ಮಂದಿರ ಕೈಯಲ್ಲಿ ಕಾಸಿಲ್ಲ. ಕೊನೆಗೆ ರೋಮ್‌ನಲ್ಲಿ 100 ಡುಕಾಟ್ ಸಾಲ ಎತ್ತಬೇಕಾಯಿತು. ಮನೆಯಿಂದ ದೂರ ಓದಲು ಹೋದ ಮಕ್ಕಳ ಕಥೆ ಯಾವ ಕಾಲದಲ್ಲೂ ಒಂದೇ. 1501ರಲ್ಲಿ ಊರಿಗೆ ಬಂದು ಮಂಡಳಿಯ ಮುಂದೆ ನಿಂತು ಇನ್ನೂ ಎರಡು ವರ್ಷ ರಜೆ ಕೇಳಿದ. ವೈದ್ಯ ಓದುತ್ತೇನೆ, ಮುಂದೆ ಬಿಷಪ್ಪರಿಗೂ ನಿಮಗೂ ಉಪಯೋಗ ಆಗುತ್ತದೆ ಅನ್ನುವುದು ಕಾರಣ. ರಜೆ ಮಂಜೂರಾಯಿತು. ಪಾದುವಾದಲ್ಲಿ ವೈದ್ಯ ಓದಿದ. 1503ರ ಮೇ 31ರಂದು ಫೆರಾರಾದಲ್ಲಿ ಚರ್ಚಿನ ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದ. ಖಗೋಳದಲ್ಲಿ ಅವನು ಯಾವ ಪದವಿಯನ್ನೂ ಪಡೆಯಲಿಲ್ಲ.

ಆಮೇಲೆ ಏಳು ವರ್ಷ ಮಾವನ ಕೋಟೆಯಲ್ಲಿ, ಅವರ ವೈದ್ಯನಾಗಿ, ಕಾರ್ಯದರ್ಶಿಯಾಗಿ ಇದ್ದ. ಮಾವನಿಗೆ ಅಳಿಯ ಮುಂದೆ ಬಿಷಪ್ ಆಗಲಿ ಎಂಬ ಆಸೆ ಇದ್ದಿರಲೇಬೇಕು. ಅಳಿಯ 1510ರಲ್ಲಿ ಆ ದಾರಿ ಬಿಟ್ಟು ಫ್ರೌಯೆನ್‌ಬುರ್ಗ್‌ಗೆ, ಮಂಡಳಿಯ ಊರಿಗೆ ಬಂದುಬಿಟ್ಟ. ಸಮುದ್ರದ ಹಿನ್ನೀರಿನ ಪಕ್ಕದ ಗುಡ್ಡ, ಕೆಂಪು ಇಟ್ಟಿಗೆಯ ದೊಡ್ಡ ಚರ್ಚು, ಸುತ್ತ ಗೋಡೆ. 1513ರಲ್ಲಿ ಅವನು ಮಂಡಳಿಯ ಉಗ್ರಾಣದಿಂದ 800 ಇಟ್ಟಿಗೆ, ಒಂದು ಪೀಪಾಯಿ ಸುಣ್ಣ ಕೊಂಡ ಲೆಕ್ಕ ಇದೆ. ಮರುವರ್ಷ 175 ಮಾರ್ಕ್ ಕೊಟ್ಟು ಗೋಡೆಯ ಮೂಲೆಯ ಬುರುಜು ತೆಗೆದುಕೊಂಡ. ಆಕಾಶ ನೋಡಲು ಕಟ್ಟೆ ಕಟ್ಟಿಸಲು ಆ ಇಟ್ಟಿಗೆ ಅಂತ ಹೇಳುವವರಿದ್ದಾರೆ. ಆ ಊರಿನ ಮಂಜು ಅವನನ್ನು ಕಾಡಿದ್ದಂತೂ ನಿಜ. ಬುಧ ಗ್ರಹದ ಬಗ್ಗೆ ಬರೆಯುವಾಗ, ಹಳಬರಿಗೆ ತಿಳಿ ಆಕಾಶವಿತ್ತು, ನೈಲ್ ನದಿ ನಮ್ಮ ವಿಸ್ಟುಲಾದ ಹಾಗೆ ಹಬೆ ಎಬ್ಬಿಸುವುದಿಲ್ಲ ಅಂತ ನೊಂದುಕೊಂಡಿದ್ದಾನೆ.

ಅಣ್ಣ ಆಂಡ್ರೆಯಾಸ್‌ಗೆ ಕುಷ್ಠದಂಥ ರೋಗ ಬಂದಿತ್ತು. 1512ರಲ್ಲಿ ಮಂಡಳಿ ಅವನನ್ನು ದೂರ ಇಡಲು ತೀರ್ಮಾನ ಮಾಡಿತು. ಅದೇ ವರ್ಷ ಮಾವನೂ ಸತ್ತ. ಅಣ್ಣನನ್ನು ಹೊರಗಿಟ್ಟ ಮೇಜಿನಲ್ಲೇ ತಮ್ಮ ಕೂತು ಕೆಲಸ ಮಾಡಬೇಕಿತ್ತು. ಇದನ್ನು ಓದಿದ ದಿನ ನಾನು ಮುಂದೆ ಓದಲಿಲ್ಲ.

ಈಗ ಮತ್ತೆ ಮೆರ್ಟೆನ್ ಕಾಸೆಲರ್ ಹತ್ತಿರ ಬರುತ್ತೇನೆ. 1516ರ ನವೆಂಬರಿನಿಂದ ಮೂರು ವರ್ಷ ಕೋಪರ್ನಿಕಸ್ ಆಲೆನ್‌ಸ್ಟೈನ್ ಕೋಟೆಯಲ್ಲಿ ಮಂಡಳಿಯ ಜಮೀನುಗಳ ಆಡಳಿತಗಾರ. ಹಳ್ಳಿಗಳಲ್ಲಿ ಹೊಲ ಪಾಳು ಬಿದ್ದಿದ್ದವು. ರೈತರು ಸತ್ತಿದ್ದರು, ಮುದುಕರಾಗಿದ್ದರು, ಎಷ್ಟೋ ಜನ ರಾತ್ರೋರಾತ್ರಿ ಓಡಿಹೋಗಿದ್ದರು. ಹೊಲ ಉಳದಿದ್ದರೆ ಮಂಡಳಿಗೆ ಗೇಣಿ ಇಲ್ಲ. ಅದಕ್ಕೆ ಇವನು ಹಳ್ಳಿಹಳ್ಳಿ ತಿರುಗಿದ. ಯಾರಿಗೆ ಯಾವ ಜಮೀನು ಕೊಟ್ಟೆ, ಹಿಂದೆ ಇದ್ದವನು ಏನಾದ, ಎಷ್ಟು ದನ, ಎಷ್ಟು ಕುದುರೆ, ಯಾರು ಜಾಮೀನು, ಎಷ್ಟು ವರ್ಷ ಗೇಣಿ ಮಾಫಿ, ಎಲ್ಲವನ್ನೂ ಲ್ಯಾಟಿನ್‌ನಲ್ಲಿ ತನ್ನ ಕೈಯಾರೆ ಬರೆದ. ಜರ್ಮನ್ ಹೆಸರು, ಪೋಲಿಷ್ ಹೆಸರು, ಹಳೆಯ ಪ್ರಷ್ಯನ್ ಹೆಸರು, ಎಲ್ಲ ಒಂದೇ ಪುಟದಲ್ಲಿ.

ಲೆಕ್ಕ ಬರೆಯುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕೊಟ್ಟದ್ದನ್ನು ಎಲ್ಲರೂ ಬರೆಯುತ್ತಾರೆ. ಕೊಡುತ್ತೇನೆ ಅಂದದ್ದನ್ನು ಬರೆಯುವವರು ಕಡಿಮೆ. ಬರೆದರೆ ನಾಳೆ ನಮ್ಮ ಕುತ್ತಿಗೆಗೇ ಬರುತ್ತದೆ. ಇವನು ಎರಡು ಕುದುರೆಯ ಮಾತನ್ನು ಬರೆದಿದ್ದಾನೆ. ಒಬ್ಬ ಬಡ ರೈತನ ಪರವಾಗಿ, ತನ್ನ ಮೇಲೇ, ತನ್ನ ಕೈಯಿಂದ.

ಅದೇ ಕೋಟೆಯಲ್ಲಿ, ಅದೇ ವರ್ಷಗಳಲ್ಲಿ, ಅವನ ಕೋಣೆಯ ಬಾಗಿಲ ಮೇಲಿನ ಗೋಡೆಗೆ ಗಾರೆ ಬಳಿದು ಗೆರೆಗಳನ್ನು ಎಳೆದ. ಸುಮಾರು 7 ಮೀಟರ್ ಉದ್ದ. ಕನ್ನಡಿಯಿಂದ ಬಿಸಿಲಿನ ಚುಕ್ಕೆಯನ್ನು ಆ ಗೋಡೆಗೆ ಹಾಯಿಸಿ, ಅದು ದಿನದಿಂದ ದಿನಕ್ಕೆ ಯಾವ ಗೆರೆಯಿಂದ ಯಾವ ಗೆರೆಗೆ ಸರಿಯುತ್ತದೆ ಅಂತ ನೋಡುತ್ತಿದ್ದ. ಹಗಲು ರಾತ್ರಿ ಸಮ ಆಗುವ ದಿನವನ್ನು ಹಿಡಿಯಲು. ಅದರ ಒಂದು ಭಾಗ ಇವತ್ತಿಗೂ ಉಳಿದಿದೆ. ಹಗಲು ಹಳ್ಳಿ ಸುತ್ತಿ ಬಂದವನು ಸಂಜೆ ಈ ಗೆರೆಗಳ ಕೆಳಗಿಂದಲೇ ಒಳಗೆ ಹೋಗಬೇಕಿತ್ತು.

ಅದೇ ಹೊತ್ತಿಗೆ, 1517ರಲ್ಲಿ, ಅವನು ನಾಣ್ಯದ ಬಗ್ಗೆಯೂ ಬರೆಯತೊಡಗಿದ. ಗೇಣಿ ವಸೂಲಿ ಮಾಡುವವನ ಕೈಗೆ ದಿನಾ ನಾಣ್ಯ ಬರುತ್ತದೆ. ಬರಬರುತ್ತಾ ಅದರಲ್ಲಿ ಬೆಳ್ಳಿ ಕಡಿಮೆ, ತಾಮ್ರ ಜಾಸ್ತಿ. ತಾಮ್ರದ ವ್ಯಾಪಾರಿಯ ಮಗನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 1522ರಲ್ಲಿ ಗ್ರೌಡೆನ್ಸ್ ಪಟ್ಟಣದಲ್ಲಿ ನಡೆದ ಪ್ರಷ್ಯಾದ ಪ್ರತಿನಿಧಿಗಳ ಸಭೆಯಲ್ಲಿ ಅದನ್ನು ಓದಿದ, ಆಮೇಲೆ ತಿದ್ದಿ ಇನ್ನೂ ದೊಡ್ಡದಾಗಿ ಬರೆದ. ನಾಡನ್ನು ಹಾಳುಮಾಡುವುದು ನಾಲ್ಕು: ಒಳಜಗಳ, ಸಾವುನೋವು, ಬಂಜರು ಭೂಮಿ, ಕೆಟ್ಟ ನಾಣ್ಯ. ಮೊದಲ ಮೂರು ಎಲ್ಲರ ಕಣ್ಣಿಗೆ ಬೀಳುತ್ತವೆ. ನಾಲ್ಕನೆಯದು ಮೆಲ್ಲಗೆ, ಒಳಗಿಂದ ಕೊಲ್ಲುತ್ತದೆ ಅಂದ. ಹೊಸ ಕಳಪೆ ನಾಣ್ಯ ಬಂದಾಗ ಅಕ್ಕಸಾಲಿಗರು ಹಳೆಯ ಒಳ್ಳೆಯ ನಾಣ್ಯವನ್ನು ಆರಿಸಿ ಕರಗಿಸಿಬಿಡುತ್ತಾರೆ, ಒಳ್ಳೆಯದು ಪೇಟೆಯಿಂದ ಮಾಯ ಆಗುತ್ತದೆ ಅನ್ನುವುದನ್ನೂ ಹೇಳಿದ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಗ್ರೆಶಮ್ ನಿಯಮ ಅನ್ನುತ್ತಾರೆ. ಹಲವು ಟಂಕಸಾಲೆ ಬೇಡ, ನಾಡಿಗೆಲ್ಲ ಒಂದೇ ನಾಣ್ಯ ಇರಲಿ ಎಂಬ ಸಲಹೆಯನ್ನು ಟಂಕಸಾಲೆಯ ಲಾಭ ಬಿಡಲೊಲ್ಲದ ಪಟ್ಟಣಗಳು ಒಪ್ಪಲಿಲ್ಲ. ಗೇಣಿ ತಿನ್ನುವ ಕ್ಯಾನನ್‌ಗಳಿಗೂ ಒಳ್ಳೆಯ ನಾಣ್ಯ ಬೇಕಿತ್ತು ನಿಜ. ಆದರೂ ಅವನ ಬರಹದಲ್ಲಿ ಸಾಮಾನ್ಯರ ಚಿಂತೆ ಕಾಣುತ್ತದೆ.

ಆ ಚಿಂತೆ ನನಗೆ ಇನ್ನೂ ಚೆನ್ನಾಗಿ ಕಾಣುವುದು ಬ್ರೆಡ್ಡಿನ ಲೆಕ್ಕದಲ್ಲಿ. 1531ರ ಹೊತ್ತಿಗೆ ಆಲೆನ್‌ಸ್ಟೈನ್‌ಗಾಗಿ ಮಾಡಿದ್ದು. ಬ್ರೆಡ್ಡಿನ ಬೆಲೆ ಯಾವಾಗಲೂ ಒಂದು ಪೆನ್ನಿ. ಅದು ಬದಲಾಗುವುದಿಲ್ಲ, ಬಡವನ ಕೈಯಲ್ಲಿ ಇರುವುದು ಅದೊಂದೇ ಕಾಸು. ಕಾಳಿನ ಬೆಲೆ ಇಳಿದರೆ ಬ್ರೆಡ್ಡಿನ ತೂಕ ಹೆಚ್ಚಬೇಕು, ಏರಿದರೆ ಇಳಿಯಬೇಕು. ಎಷ್ಟು ಬೆಲೆಗೆ ಎಷ್ಟು ತೂಕ ಅಂತ ಪಟ್ಟಿ ಮಾಡಿಕೊಟ್ಟ. ಹಿಟ್ಟು ಜರಡಿ ಹಿಡಿದ ಮೇಲೆ ಉಳಿಯುವ ತೌಡಿನಲ್ಲಿ ಬೇಕರಿಯವನ ಖರ್ಚು ಹೊರಡುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದ. ಬೆಲೆ ಅಷ್ಟೇ ಇಟ್ಟು ಪೊಟ್ಟಣ ಸಣ್ಣ ಮಾಡುವ ಬಿಸ್ಕತ್ತಿನ ಕಾಲದಲ್ಲಿ ಇರುವ ನಮಗೆ ಈ ಲೆಕ್ಕ ಚೆನ್ನಾಗಿ ಅರ್ಥ ಆಗುತ್ತದೆ. ಒಂದೇ ವ್ಯತ್ಯಾಸ, ಅವನ ಪಟ್ಟಿಯಲ್ಲಿ ಕಾಳು ಅಗ್ಗವಾದ ದಿನ ಬ್ರೆಡ್ಡು ದೊಡ್ಡದಾಗಲೇಬೇಕಿತ್ತು.

ನಡುವೆ ಯುದ್ಧವೂ ಬಂತು. 1520ರ ಜನವರಿಯಲ್ಲಿ ಟ್ಯೂಟನಿಕ್ ನೈಟ್‌ಗಳು ಫ್ರೌಯೆನ್‌ಬುರ್ಗ್‌ಗೆ ಬೆಂಕಿ ಇಟ್ಟರು. ಗೋಡೆಯ ಹೊರಗಿನ ಕ್ಯಾನನ್‌ಗಳ ಮನೆಗಳು ಸುಟ್ಟುಹೋದವು. ಹೆಚ್ಚಿನವರು ಸುರಕ್ಷಿತ ಪಟ್ಟಣಗಳಿಗೆ ಹೋದರು. ಕೋಪರ್ನಿಕಸ್ ಆಲೆನ್‌ಸ್ಟೈನ್‌ನಲ್ಲಿ ನಿಂತ. 1520ರ ನವೆಂಬರ್ 16ರಂದು ಪೋಲೆಂಡಿನ ರಾಜನಿಗೆ ಪತ್ರ ಬರೆದ: ನಮ್ಮ ಹತ್ತಿರ ಸಾಕಷ್ಟು ಜನ ಇಲ್ಲ, ಸಹಾಯ ಕಳಿಸಿ, ಸಾಯಬೇಕಾಗಿ ಬಂದರೂ ನಾವು ಮರ್ಯಾದಸ್ಥರ ಹಾಗೆ ನಡೆದುಕೊಳ್ಳುತ್ತೇವೆ. ಆ ಪತ್ರ ರಾಜನಿಗೆ ಮುಟ್ಟಲಿಲ್ಲ. ದಾರಿಯಲ್ಲೇ ಶತ್ರುಗಳು ಹಿಡಿದರು, ಅವರ ದಫ್ತರದಲ್ಲೇ ಅದು ಉಳಿಯಿತು. 1521ರ ಜನವರಿಯಲ್ಲಿ ದಾಳಿ ಆಯಿತು, ಊರು ಬೀಳಲಿಲ್ಲ. ಏಪ್ರಿಲ್‌ನಲ್ಲಿ ಕದನವಿರಾಮ. ಮತ್ತೆ ಪಾಳು ಹೊಲ, ಮತ್ತೆ ಅದೇ ಪುಸ್ತಕ.

ಆ ನೈಟ್‌ಗಳ ಮುಖ್ಯಸ್ಥ ಆಲ್ಬ್ರೆಕ್ಟ್. ಮುಂದೆ ಅವನು ಪೋಪರ ವಿರುದ್ಧ ನಿಂತ ಲೂಥರ್‌ನ ದಾರಿ ಹಿಡಿದು ಪ್ರಷ್ಯಾದ ಡ್ಯೂಕ್ ಆದ. 1541ರಲ್ಲಿ ಅವನ ಆಪ್ತನೊಬ್ಬ ಕಾಯಿಲೆ ಬಿದ್ದಾಗ ಇದೇ ಕೋಪರ್ನಿಕಸ್‌ಗೆ ಬರಲು ಹೇಳಿ ಕಳಿಸಿದ. ಅರವತ್ತೆಂಟರ ಮುದುಕ ಕೋನಿಗ್ಸ್‌ಬರ್ಗ್‌ಗೆ ಹೋಗಿ ರೋಗಿಯ ಪಕ್ಕದಲ್ಲಿದ್ದ. ಊರು ಸುಟ್ಟವನು ಕರೆದಾಗ ವೈದ್ಯ ಹೋದ.

ಅವನಿಗೆ ಅಷ್ಟು ಕರುಣೆಯನ್ನು ಇತರರು ತೋರಲಿಲ್ಲ. ಕೊನೆಗಾಲದಲ್ಲಿ ಅವನ ಮನೆ ನೋಡಿಕೊಳ್ಳುತ್ತಿದ್ದವಳು ದೂರದ ಸಂಬಂಧಿ ಆನಾ ಶಿಲಿಂಗ್. 1538ರಲ್ಲಿ ಹೊಸ ಬಿಷಪ್ ದಾಂಟಿಸ್ಕಸ್ ಅವಳನ್ನು ಕಳಿಸಿಬಿಡು ಅಂದ. ಸ್ವತಃ ಸ್ಪೇನ್‌ನಲ್ಲಿ ಮಗಳನ್ನು ಪಡೆದಿದ್ದ ಮನುಷ್ಯ! ಮುದುಕ ವಿಧೇಯನಾಗಿ ಒಪ್ಪಿದ, ಬೇರೆಯವರನ್ನು ಹುಡುಕಲು ಸ್ವಲ್ಪ ಸಮಯ ಕೇಳಿದ. ಅವಳು ಹೋದಳು. ಅವನು ಸತ್ತ ಮೇಲೆ, 1543ರ ಸೆಪ್ಟೆಂಬರಿನಲ್ಲಿ, ಅವಳು ತನ್ನ ಮನೆ ಮಾರಲು ಊರಿಗೆ ಬಂದಾಗ ಮಂಡಳಿಯವರು ಬಿಷಪ್ಪರಿಗೆ ಪತ್ರ ಬರೆದು ಕೇಳಿದರು: ಈಗಲೂ ಇವಳನ್ನು ಊರಿಗೆ ಬಿಡಬಾರದೇ? ಇಡೀ ಕಥೆಯಲ್ಲಿ ನನಗೆ ಸಿಟ್ಟು ಬರುವ ಜಾಗ ಇದು.

1539ರಲ್ಲಿ ವಿಟೆನ್‌ಬರ್ಗ್‌ನಿಂದ ರೆಟಿಕಸ್ ಎಂಬ ಲೂಥರ್ ಪಂಥದ ತರುಣ ಬಂದದ್ದು, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವ, ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಬೆಳೆದ ಹಸ್ತಪ್ರತಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದದ್ದು, ಎಲ್ಲರಿಗೂ ಗೊತ್ತಿರುವ ಕಥೆ. ಪುಸ್ತಕ ಕೈಗೆ ಬಂದದ್ದು 1543ರ ಮೇ 24ರಂದು, ಅವನು ಸತ್ತ ದಿನವೇ ಅಂತ ಗೀಸೆ ಬರೆದಿದ್ದಾನೆ. ಅಷ್ಟು ಹೊತ್ತಿಗೆ ಲಕ್ವ ಹೊಡೆದು ಪ್ರಜ್ಞೆಯೂ ಸರಿಯಾಗಿ ಇರಲಿಲ್ಲ.

ಅವನ ಉಂಬಳಿ ಡಾನ್ಸಿಗ್‌ನ ಲಾಯಿಟ್ಸ್ ಎಂಬ ವ್ಯಾಪಾರಿ ಮನೆತನದ ಒಬ್ಬ ಹುಡುಗನಿಗೆ ಹೋಯಿತು. ಸಮಾಧಿಗೆ ಹೆಸರಿನ ಕಲ್ಲು ಇಡಲಿಲ್ಲ. ಸುಮಾರು 450 ವರ್ಷ ಅವನು ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅವನ ನೌಕರಿಯೇ. ಆ ಚರ್ಚಿನಲ್ಲಿ ಪ್ರತಿ ಕ್ಯಾನನ್‌ಗೂ ನೋಡಿಕೊಳ್ಳಲು ಒಂದೊಂದು ಬಲಿಪೀಠ, ಸತ್ತರೆ ಅದರ ಪಕ್ಕದಲ್ಲೇ ಹೂಳುವ ರೂಢಿ. ಕೋಪರ್ನಿಕಸ್‌ನ ಪಾಲಿಗೆ ಬಂದ ಬಲಿಪೀಠ ಯಾವುದು ಅಂತ ಲೆಕ್ಕ ಹಾಕಿ, ಅದರ ಹತ್ತಿರ 2005ರಲ್ಲಿ ಅಗೆದಾಗ ಸುಮಾರು ಎಪ್ಪತ್ತು ವರ್ಷದ ಗಂಡಸಿನ ತಲೆಬುರುಡೆ ಸಿಕ್ಕಿತು.

ಅವನದೇ ಅಂತ ಹೇಗೆ ಹೇಳುವುದು? ಅವನು ಬಹಳ ವರ್ಷ ಬಳಸಿದ ಒಂದು ಪಂಚಾಂಗ ಸ್ವೀಡನ್ನಿನ ಉಪ್ಸಾಲಾದಲ್ಲಿತ್ತು. 1626ರಲ್ಲಿ ಸ್ವೀಡಿಷ್ ಸೈನ್ಯ ಫ್ರೌಯೆನ್‌ಬುರ್ಗ್‌ನ ಪುಸ್ತಕಗಳನ್ನು ದೋಚಿಕೊಂಡು ಹೋಗಿತ್ತು. ಆ ಪಂಚಾಂಗದ ಪುಟಗಳ ನಡುವೆ ಕೆಲವು ಕೂದಲು ಸಿಕ್ಕಿಕೊಂಡಿದ್ದವು. ತಲೆ ಬಗ್ಗಿಸಿ ಬರೆಯುವಾಗ ಉದುರಿದವು. ಎರಡು ಕೂದಲಿನ ಡಿಎನ್‌ಎ ಆ ತಲೆಬುರುಡೆಯ ಹಲ್ಲಿನ ಡಿಎನ್‌ಎಗೆ ಹೊಂದಿತು. 2010ರ ಮೇ 22ರಂದು ಅವನನ್ನು ಮತ್ತೆ ಅದೇ ಚರ್ಚಿನಲ್ಲಿ, ಅದೇ ಬಲಿಪೀಠದ ಬುಡದಲ್ಲಿ ಮಣ್ಣು ಮಾಡಿದರು.